ಗೇಟ್ ಮುಂದೆ ಯಾರು ಹೋದರೂ ಬೊಗಳುತ್ತಾನೆ, ಪಕ್ಕದ ಮನೆಯವರು ಬೇಜಾರಾಗಿದ್ದಾರೆ. ಏನು ಮಾಡೋದು?

ಗುಂಡನಮ್ಮ · ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಕುವೆಂಪುನಗರದ ಕಡೆ ನೆಲಮಹಡಿಯ ಮನೆ. ಗುಂಡ ಬೀದಿ ನಾಯಿ. ಮರಿಯಿದ್ದಾಗ ತಂದು ಸಾಕಿದ್ದು, ಈಗ ಎರಡು ವರ್ಷ ದಾಟಿದೆ. ಮನೆಯೊಳಗೆ ಅವನಷ್ಟು ಸಾಧು ಇನ್ನೊಬ್ಬನಿಲ್ಲ. ರಗಳೆಯೆಲ್ಲ ಗೇಟಿನದು. ಪೇಪರ್ ಹುಡುಗ, ಹಾಲಿನವರು, ಕೊರಿಯರ್, ಸೊಪ್ಪಿನ ಗಾಡಿ, ಸ್ಕೂಲ್ ವ್ಯಾನ್, ಎದುರು ಮನೆ ಬೆಕ್ಕು, ಯಾರನ್ನೂ ಬಿಡುವುದಿಲ್ಲ. ಗೇಟಿನ ಸರಳಿಗೆ ಮುಂಗಾಲು ಕೊಟ್ಟು ನಿಂತು, ಬಂದವರು ಬೀದಿ ತಿರುವು ದಾಟುವವರೆಗೂ ಬೊಗಳುತ್ತಾನೆ. ನಾವಿಬ್ಬರೂ ಆಫೀಸಿಗೆ ಹೋದ ಮೇಲೂ ಬೊಗಳುತ್ತಾನಂತೆ. ಆ ಹೊತ್ತಿಗೆ ಮಾವನವರು ಮನೆಯಲ್ಲಿದ್ದರೆ ಇರುತ್ತಾರೆ, ಇಲ್ಲದಿದ್ದರೆ ಇಲ್ಲ.

ಪಕ್ಕದ ಮನೆಯಲ್ಲಿ ವಯಸ್ಸಾದವರು ಕಾಯಿಲೆ ಮಲಗಿದ್ದಾರೆ. ಅವರ ಮಗ ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವವರು. ಮೊನ್ನೆ ಬಂದು ಹೇಳಿದರು. ಜಗಳ ಮಾಡಲಿಲ್ಲ, ಅದೇ ಜಾಸ್ತಿ ಮುಜುಗರ ಆಯಿತು.

ಗದರುವುದು, ಪೇಪರ್ ಸುರುಳಿ ಮಾಡಿ ನೆಲಕ್ಕೆ ಬಡಿಯುವುದು, ಮುಖಕ್ಕೆ ನೀರು ಚಿಮುಕಿಸುವುದು ಎಲ್ಲ ನಡೆದಿದೆ. ಆ ಕ್ಷಣಕ್ಕೆ ಸುಮ್ಮನಾಗುತ್ತಾನೆ, ಮುಂದಿನ ಬೈಕಿಗೆ ಮತ್ತೆ ಶುರು. ಬೊಗಳಿದರೆ ಶಾಕ್ ಕೊಡುವ ಬೆಲ್ಟ್ ಆನ್‌ಲೈನಿನಲ್ಲಿ ಸಿಗುತ್ತದೆ, ತಗೊಳ್ಳಿ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಮನಸ್ಸು ಒಪ್ಪುತ್ತಿಲ್ಲ. ಬೇರೆ ದಾರಿ ಇದೆಯಾ?

ತೋಟದಮನೆ · ಸಕಲೇಶಪುರ

ಅಕ್ಕ, ನಾಯಿ ಬೊಗಳದೆ ಇನ್ನೇನು ಭಾಷಣ ಮಾಡಬೇಕಾ? 😄

ತಮಾಷೆ ಬಿಡಿ. ನಮ್ಮ ತೋಟದಲ್ಲಿ ಬೊಗಳುವುದೇ ನಾಯಿಯ ಕೆಲಸ. ಮಂಗ ಬಂದರೆ ಒಂದು ರಾಗ, ಹಂದಿ ಬಂದರೆ ಇನ್ನೊಂದು. ಆನೆ ಬಂದ ದಿನ ನಾಯಿ ಅಂಗಳಕ್ಕೇ ಇಳಿಯುವುದಿಲ್ಲ. ಜಗಲಿ ಮೇಲೆ ನಿಂತು ಬಾಲ ಒಳಗೆ ಹಾಕಿಕೊಂಡು ಗಂಟಲಲ್ಲೇ ಗುರುಗುಡುತ್ತದೆ. ಅಡುಗೆಮನೆಯಲ್ಲಿ ಕೂತೇ ಯಾರು ಬಂದಿದ್ದಾರೆ ಅಂತ ಅಮ್ಮ ಹೇಳುತ್ತಾರೆ. ನಿಮ್ಮವನು ಯಾವ ರಾಗದಲ್ಲಿ ಬೊಗಳುತ್ತಾನೆ ಅಂತ ಮೊದಲು ಕಿವಿಗೊಟ್ಟು ಕೇಳಿ. ಎಲ್ಲ ಒಂದೇ ಅಲ್ಲ.

ನಿದ್ದೆಗೆಟ್ಟವ · ಬೆಂಗಳೂರು

ನಾನು ಬೇಲಿಯ ಆಚೆ ಕಡೆಯವನು. ಹಿಂದಿನ ಮನೆಯ ಟೆರೇಸಿನಲ್ಲಿ ಒಂದು ನಾಯಿ ಕಟ್ಟಿದ್ದಾರೆ. ಬೆಳಿಗ್ಗೆ ಕಟ್ಟಿದರೆ ಬಿಚ್ಚುವುದು ರಾತ್ರಿ. ಬಿಸಿಲು, ಮಳೆ, ಏನೂ ಲೆಕ್ಕಕ್ಕಿಲ್ಲ. ಅದು ಒಂದೇ ತಾಳದಲ್ಲಿ ಗಂಟೆಗಟ್ಟಲೆ ಬೊಗಳುತ್ತದೆ. ನಾನು ಮನೆಯಿಂದ ಕೆಲಸ ಮಾಡುವವನು. ಮೀಟಿಂಗಿನಲ್ಲಿ ಮೈಕ್ ಆನ್ ಮಾಡುವ ಹಾಗಿಲ್ಲ. ಹೇಳಲು ಹೋದರೆ "ನಾಯಿ ಅಂದ್ಮೇಲೆ ಬೊಗಳುತ್ತೆ ಸರ್" ಅಂದು ಬಾಗಿಲು ಹಾಕಿಕೊಂಡರು. ಗುಂಡನಮ್ಮ ಮೇಡಂ, ನೀವು ಕೇಳಿದ್ದೇ ದೊಡ್ಡದು. ಸಾಕುವವರು ನೂರಕ್ಕೆ ತೊಂಬತ್ತು ಮಂದಿ ಕೇಳುವುದೇ ಇಲ್ಲ.

ಚಾಪೆ ಮೇಷ್ಟ್ರು · ಶಿವಮೊಗ್ಗ

ಸ್ವಲ್ಪ ಉದ್ದ ಬರೆಯುತ್ತೇನೆ, ಬೈಯಬೇಡಿ. ನಾಯಿ ಪಳಗಿಸುವುದು ನನ್ನ ಹೊಟ್ಟೆಪಾಡು.

ತೋಟದಮನೆಯವರ ಮಾತು ತಮಾಷೆಯಲ್ಲ. ಹಂಗೇರಿಯ ಬುಡಾಪೆಸ್ಟಿನಲ್ಲಿ ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಲ್ಲಿನ ಏಟ್ವೆಶ್ ಲೊರಾಂಡ್ ವಿಶ್ವವಿದ್ಯಾಲಯದವರು ಮುಡಿ ಅನ್ನುವ ಕುರಿ ಕಾಯುವ ತಳಿಯ ನಾಯಿಗಳ ಬೊಗಳು ರೆಕಾರ್ಡ್ ಮಾಡಿ ಜನರಿಗೆ ಕೇಳಿಸಿದರು. ಅಪರಿಚಿತ ಬಂದಾಗ, ಒಂಟಿಯಾಗಿ ಕಟ್ಟಿಹಾಕಿದಾಗ, ಆಟ ಆಡುವಾಗ, ಹೀಗೆ ಬೇರೆ ಬೇರೆ ಸಂದರ್ಭದ್ದು. 2005 ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ನಾಯಿಯನ್ನೇ ಸಾಕದವರು ಕೂಡ ಯಾವುದು ಯಾವ ಸಂದರ್ಭದ್ದು ಅಂತ ಅಂದಾಜಿಗಿಂತ ಎಷ್ಟೋ ಚೆನ್ನಾಗಿ ಗುರುತಿಸಿದರು. ದಪ್ಪ ದನಿ, ಬಿಡುವಿಲ್ಲದೆ ಬಂದರೆ ಸಿಟ್ಟು ಅಥವಾ ಕಾವಲು. ಸಣ್ಣ ದನಿ, ನಡುನಡುವೆ ಬಿಡುವು ಇದ್ದರೆ ಒಂಟಿತನ, ದಿಗಿಲು.

ಹಾಗಾಗಿ ಮೇಡಂ, ಇವತ್ತೇ ಒಂದು ಹಳೇ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ ಕಿಟಕಿ ಹತ್ತಿರ ಇಟ್ಟು ಹೋಗಿ. ನೀವು ಇಲ್ಲದಾಗಿನ ಬೊಗಳು, ಇದ್ದಾಗಿನ ಬೊಗಳು ಒಂದೇನಾ ಅಂತ ಕೇಳಿ. ಎರಡಕ್ಕೂ ಔಷಧ ಬೇರೆ.

ಗೇಟಿನದು ಮಾತ್ರ ನೀವು ಹೇಳಿದ್ದರಲ್ಲೇ ಗೊತ್ತಾಗುತ್ತದೆ. ಕೊರಿಯರಿನವನು ಬರುತ್ತಾನೆ, ಗುಂಡ ಬೊಗಳುತ್ತಾನೆ, ಕೊರಿಯರಿನವನು ಹೋಗುತ್ತಾನೆ. ಅವನು ಹೋಗುವುದು ಇನ್ನೊಂದು ಮನೆಗೆ ಪಾರ್ಸೆಲ್ ಕೊಡಲು, ಆದರೆ ಅದು ಗುಂಡನಿಗೆ ಗೊತ್ತಾ? ನಾನೇ ಓಡಿಸಿದೆ ಅಂತ ಅವನ ಲೆಕ್ಕ. ಪೇಪರಿನವನು, ಹಾಲಿನವರು, ವ್ಯಾನು, ಎಲ್ಲರನ್ನೂ ದಿನಾ ಓಡಿಸುತ್ತಿದ್ದಾನೆ, ದಿನಾ ಗೆಲ್ಲುತ್ತಿದ್ದಾನೆ. ಯಾರಾದರೂ ಗೆಲ್ಲುವ ಆಟ ಬಿಡುತ್ತಾರಾ? ನೀವು ಒಳಗಿನಿಂದ ಕೂಗಿದರೆ ಅವನಿಗೆ ನೀವೂ ಜೊತೆಗೆ ಬೊಗಳಿದ ಹಾಗೆ.

ಮೊದಲ ಕೆಲಸ ತರಬೇತಿಯೇ ಅಲ್ಲ. ಗೇಟಿಗೆ ಒಳಗಿನಿಂದ ಶೀಟ್ ಹೊಡೆಸಿ. ನರ್ಸರಿಯವರು ಕಟ್ಟುವ ಹಸಿರು ನೆಟ್ಟನ್ನು ಎರಡು ಪದರ ಕಟ್ಟಿದರೂ ಆಯಿತು. ರಸ್ತೆ ಕಾಣಬಾರದು, ಅಷ್ಟೇ. ನೀವಿಲ್ಲದಾಗ ಅಂಗಳಕ್ಕೇ ಬಿಡಬೇಡಿ, ಹಿಂದಿನ ಕೋಣೆಯಲ್ಲಿರಲಿ, ಫ್ಯಾನ್ ಓಡುತ್ತಿರಲಿ. ಗೆಲ್ಲುವ ಅವಕಾಶ ನಿಲ್ಲಿಸದೆ ಎಷ್ಟು ಕಲಿಸಿದರೂ ಸಂಜೆ ಕಲಿತದ್ದನ್ನು ಮಧ್ಯಾಹ್ನ ಮರೆಯುತ್ತಾನೆ.

ಆಮೇಲೆ ಕಲಿಸುವುದು. ಹಾಲಿನವರು ಬರುವ ಹೊತ್ತು ನಿಮಗೆ ಗೊತ್ತಿರುತ್ತದೆ ಅಲ್ವಾ. ಗುಂಡನಿಗೆ ಹಗ್ಗ ಹಾಕಿ, ಗೇಟಿನಿಂದ ದೂರ, ನಡುಮನೆ ಬಾಗಿಲ ಹತ್ತಿರ ನಿಂತುಕೊಳ್ಳಿ. ಮುಷ್ಟಿಯಲ್ಲಿ ಅವನು ಪ್ರಾಣ ಬಿಡುವಂಥ ತಿಂಡಿ, ಕಡಲೆಕಾಳಿನಷ್ಟು ಚೂರುಗಳು. ದೂರದಲ್ಲಿ ಸ್ಕೂಟರ್ ಸದ್ದು. ಗುಂಡನ ಕಿವಿ ನೆಟ್ಟಗಾಗುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಬಾಯಿ ಗಪ್ಪನೆ ಮುಚ್ಚುತ್ತದೆ. ಇನ್ನೂ ಬೊಗಳಿಲ್ಲ. ಆ ಅರೆಗಳಿಗೆಯೇ ನಿಮಗೆ ಬೇಕಾದದ್ದು. ತಕ್ಷಣ ಒಂದು ಚೂರು ಬಾಯಿಗೆ. ಸ್ಕೂಟರ್ ಹತ್ತಿರ ಬಂತು, ಇನ್ನೊಂದು. ಹಾಲಿನ ಪ್ಯಾಕೆಟ್ ಇಟ್ಟ ಸದ್ದು, ಇನ್ನೊಂದು. ಸ್ಕೂಟರ್ ಹೋಯಿತು, ತಿಂಡಿ ಬಂದ್. ಸ್ಕೂಟರ್ ಬಂದರೆ ಅಮ್ಮನ ಕೈಗೆ ತಿಂಡಿ ಬರುತ್ತದೆ ಅಂತ ಅವನ ತಲೆಗೆ ಹೋಗಬೇಕು. ಕೆಲವು ದಿನವಾದ ಮೇಲೆ ಸದ್ದು ಕೇಳಿದ ಕೂಡಲೇ ಗೇಟ್ ಬಿಟ್ಟು ನಿಮ್ಮ ಮುಖ ನೋಡುತ್ತಾನೆ. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ತಿಂಡಿ ಮೂಗಿಗೆ ಹಿಡಿದರೂ ತಿನ್ನದೆ ಬೊಗಳುತ್ತಿದ್ದರೆ ನೀವು ತುಂಬಾ ಹತ್ತಿರ ನಿಂತಿದ್ದೀರಿ ಅಂತ ಅರ್ಥ. ಒಳಗೆ ಸರಿಯಿರಿ.

ನೇರಮಾತು · ತುಮಕೂರು

ಇಷ್ಟೆಲ್ಲ ಪುರಾಣ ಯಾಕೆ? ಬೆಲ್ಟ್ ಹಾಕಿ, ಎರಡು ದಿನದಲ್ಲಿ ಗಪ್‌ಚುಪ್. ನಮ್ಮ ಅಣ್ಣನ ಮನೆ ಲ್ಯಾಬ್ರಡಾರ್ ನಾಯಿಗೆ ಹಾಕಿದ್ದಾರೆ. ಕರೆಂಟು ಅಂದರೆ ಏನು, ಸಣ್ಣ ಚುರುಕ್ ಅಷ್ಟೇ. ಪಕ್ಕದ ಮನೆಯವರು ಕಾಯಿಲೆ ಮಲಗಿದ್ದಾರೆ ಅಂತ ಅವರೇ ಬರೆದಿದ್ದಾರೆ. ಅವರು ನಿಮ್ಮ ತಿಂಡಿ ಪಾಠ ಮುಗಿಯುವವರೆಗೆ ಕಾಯಬೇಕಾ?

ಮ್ಯೂನಿಕ್ ಕನ್ನಡಿಗ

ನೇರಮಾತು ಅವರೇ, ಇಲ್ಲಿ ಜರ್ಮನಿಯಲ್ಲಿ ಅದನ್ನು ಹಾಕಿಕೊಂಡು ರಸ್ತೆಗೆ ಬಂದರೆ ಕೇಸು. 2022 ರ ಜನವರಿಯಿಂದ ತರಬೇತಿಯಲ್ಲಿ ಮುಳ್ಳಿನ ಪಟ್ಟಿ, ನೋವು ಕೊಡುವ ಬೇರೆ ಸಾಧನ ಯಾವುದನ್ನೂ ಬಳಸುವ ಹಾಗಿಲ್ಲ. ವೇಲ್ಸ್‌ನಲ್ಲಿ ಶಾಕ್ ಕಾಲರ್ ನಿಷೇಧ ಆಗಿದ್ದು 2010 ರಲ್ಲೇ. ಹಾಗಂತ ಇಲ್ಲಿ ನಾಯಿಗಳು ಬೊಗಳಿಕೊಂಡು ಊರು ಎಬ್ಬಿಸುತ್ತಿಲ್ಲ. ಮೆಟ್ರೋದಲ್ಲಿ, ಹೋಟೆಲಿನ ಮೇಜಿನ ಕೆಳಗೆ ತೆಪ್ಪಗೆ ಮಲಗಿರುತ್ತವೆ. ರಾತ್ರಿ 10 ರಿಂದ ಬೆಳಿಗ್ಗೆ 6 ರವರೆಗೆ ಸದ್ದು ಮಾಡಬಾರದು ಅನ್ನುವುದನ್ನು ಜನ ಪ್ರಾಣ ಹೋದರೂ ಪಾಲಿಸುತ್ತಾರೆ, ನಾಯಿಗೆ ವರ್ಷ ವರ್ಷ ತೆರಿಗೆ ಬೇರೆ ಕಟ್ಟುತ್ತೇವೆ. ಆದರೆ ಒಂದು ಮಾತು. ಇಲ್ಲಿನ ನಾಯಿ ದಿನಾ ಹೊರಗೆ ಹೋಗಿ ಮೂಸಿ, ಓಡಿ ಬರುತ್ತದೆ. ಸುಸ್ತಾದ ನಾಯಿಗೆ ಬೊಗಳಲು ಪುರುಸೊತ್ತೂ ಕಡಿಮೆ. ಗುಂಡನಮ್ಮ ಅವರೇ, ಗುಂಡ ದಿನಕ್ಕೆ ಎಷ್ಟು ಹೊತ್ತು ಹೊರಗೆ ಹೋಗುತ್ತಾನೆ?

ಪಶುವೈದ್ಯೆ · ಹಾಸನ

ಬೆಲ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗಂಟಲಿನ ಅದುರುವಿಕೆಯನ್ನೋ ಸದ್ದನ್ನೋ ಹಿಡಿದು ಶಾಕ್ ಕೊಡುತ್ತದೆ. ಸದ್ದು ಹಿಡಿಯುವ ಅಗ್ಗದ ಬೆಲ್ಟು ಪಕ್ಕದ ನಾಯಿ ಬೊಗಳಿದರೂ ನಿಮ್ಮ ನಾಯಿಗೇ ಹೊಡೆಯಬಹುದು. ಅದು ದೊಡ್ಡ ತೊಂದರೆಯಲ್ಲ. ದೊಡ್ಡ ತೊಂದರೆ ಇನ್ನೊಂದಿದೆ. ನಾಯಿ ಪೇಪರ್ ಹುಡುಗನನ್ನು ನೋಡಿ ಬೊಗಳಿತು, ಕುತ್ತಿಗೆಗೆ ಚುರುಕ್ ಅಂತು. ಆ ನೋವನ್ನು ಅದು ಯಾರ ತಲೆಗೆ ಕಟ್ಟುತ್ತದೆ? ಎದುರಿಗೆ ಕಾಣುವ ಹುಡುಗನ ತಲೆಗೆ. ಬೊಗಳು ನಿಲ್ಲುತ್ತದೆ, ನಿಜ. ಭಯ ನಿಲ್ಲುವುದಿಲ್ಲ, ಏರುತ್ತದೆ. ಆಮೇಲೆ ಒಂದು ದಿನ ಗೇಟ್ ತೆರೆದಿದ್ದಾಗ ಸದ್ದಿಲ್ಲದೆ ಹೋಗಿ ಮೀನಖಂಡಕ್ಕೆ ಬಾಯಿ ಹಾಕುತ್ತದೆ. ಎಚ್ಚರಿಕೆ ಕೊಡುವ ದಾರಿಯನ್ನೇ ಬಂದ್ ಮಾಡಿದ ಮೇಲೆ ಅದಕ್ಕೆ ಉಳಿದಿರುವುದು ಹಲ್ಲು ತಾನೇ.

ಕಿವಿಗೆ ಕೇಳದ ಸದ್ದು ಬಿಡುವ ಡಬ್ಬಿಗಳ ಕತೆಯೂ ಅಷ್ಟೇ. ನಮಗೆ ಹೆಚ್ಚೆಂದರೆ 20,000 ಹರ್ಟ್ಜ್ ಕೇಳಿಸುತ್ತದೆ, ನಾಯಿಗೆ ಸುಮಾರು 45,000 ದವರೆಗೆ. ಬೊಗಳಿದ ನಾಯಿಗೂ ಸುಮ್ಮನೆ ಮಲಗಿದ ನಾಯಿಗೂ ಒಟ್ಟಿಗೇ ಹಿಂಸೆ.

ಇನ್ನು, ಇಲ್ಲಿ ಓದುವ ಬೇರೆಯವರಿಗೂ ಹೇಳುತ್ತೇನೆ. ಯಾವತ್ತೂ ಇಲ್ಲದ ಬೊಗಳು ಇದ್ದಕ್ಕಿದ್ದಂತೆ ಶುರುವಾದರೆ ಮೊದಲು ಡಾಕ್ಟರಿಗೆ ತೋರಿಸಿ. ಕಿವಿ ಸೋಂಕು, ಹಲ್ಲುನೋವು, ಕೀಲುನೋವು ಇದ್ದರೆ ಸಣ್ಣ ಸದ್ದಿಗೂ ಸಿಡಿಯುತ್ತವೆ. ಹತ್ತು ವರ್ಷ ದಾಟಿದ ನಾಯಿ ನಡುರಾತ್ರಿ ಎದ್ದು ಗೋಡೆ ನೋಡಿಕೊಂಡು ಬೊಗಳಿದರೆ "ದೆವ್ವ ಕಾಣಿಸ್ತಿದೆ" ಅಂತ ತಾಯಿತ ಕಟ್ಟಬೇಡಿ. ಕಿವಿ ಮಂದ ಆಗಿರಬಹುದು, ಅಥವಾ ಮುಪ್ಪಿನ ಮರೆವು ಬಂದಿರಬಹುದು. ಮನುಷ್ಯರಿಗೂ ಬರುವಂಥದ್ದೇ. ರಾತ್ರಿ ಒಂದು ಸಣ್ಣ ದೀಪ, ದಿನವೂ ಒಂದೇ ಜಾಗದಲ್ಲಿ ಹಾಸಿಗೆ, ಕೆಲವಕ್ಕೆ ಮಾತ್ರೆ. ಎಷ್ಟೋ ಸುಧಾರಿಸುತ್ತದೆ.

ಗಂಟಲ ಆಪರೇಷನ್ ಮಾಡಿ ಬೊಗಳು ನಿಲ್ಲಿಸಿಕೊಡಿ ಅಂತಲೂ ಒಂದಿಬ್ಬರು ಕೇಳಿಕೊಂಡು ಬಂದಿದ್ದಾರೆ. ನಾನು ಮಾಡುವುದಿಲ್ಲ.

ಮುಧೋಳದ ಹುಡುಗ · ಬಾಗಲಕೋಟೆ

ತಳಿ ಬಗ್ಗೆ ಯಾರೂ ಮಾತಾಡಲಿಲ್ಲ ನೋಡ್ರಿ. ನಮ್ಮ ಮುಧೋಳ ನಾಯಿ ಕಣ್ಣಿಂದ ಬೇಟೆ ಆಡುವಂಥದ್ದು. ಬೊಗಳಿದರೆ ಮೊಲ ಓಡಿಹೋಗುತ್ತದೆ ಅಂತ ಅದರ ರಕ್ತದಲ್ಲೇ ಇದೆ. ಸುಮ್ನೆ ನಿಂತು ನೋಡುತ್ತದೆ, ಆಮೇಲೆ ಬಾಣ ಬಿಟ್ಟ ಹಾಗೆ ಹೋಗುತ್ತದೆ. 2005 ರಲ್ಲಿ ಅಂಚೆ ಇಲಾಖೆ ಸ್ಟಾಂಪ್ ತಂದಿತು ನಮ್ಮ ನಾಯಿ ಮೇಲೆ, ಗೊತ್ತಿರಲಿ 😎. ಅದೇ ನೀವು ಬಿಳಿ ಪಮೇರಿಯನ್ ಅಂತ ಕರೆಯುವ ಸ್ಪಿಟ್ಜ್ ತಂದು ಬೊಗಳಬಾರದು ಅಂದರೆ ನಡೆಯೋದಿಲ್ಲ ರೀ. ಬೀದಿ ನಾಯಿಯದು ನಡುವಿನ ದಾರಿ. ಅದಕ್ಕೆ ತನ್ನ ಬೀದಿ ಕಾಯುವ ಚಟ ಹುಟ್ಟಿನಿಂದ ಬಂದಿರುತ್ತದೆ. ಪೂರ್ತಿ ಬಿಡಿಸೋಕೆ ಹೋಗಬೇಡಿ, ಕಡಿಮೆ ಮಾಡಿ ಸಾಕು.

ಗುಂಡನಮ್ಮ · ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಬೆಲ್ಟ್ ತಗೊಳ್ಳುವುದಿಲ್ಲ. ಡಾಕ್ಟರಮ್ಮ ಹೇಳಿದ್ದು ಓದಿದ ಮೇಲೆ ಆ ಯೋಚನೆಯೇ ಹೋಯಿತು.

ರೆಕಾರ್ಡಿಂಗ್ ಮಾಡಿದೆ. ಕೇಳಿ ಹೊಟ್ಟೆ ಚುರುಕ್ ಅಂದಿತು. ನಾವು ಬಾಗಿಲು ಹಾಕಿ ಸ್ಕೂಟರ್ ಸ್ಟಾರ್ಟ್ ಮಾಡಿದ ಕೂಡಲೇ ಬೊಗಳು ಅಲ್ಲ, ಊಳು. ಸಣ್ಣ ದನಿಯಲ್ಲಿ ಊಳಿಟ್ಟು, ನಿಲ್ಲಿಸಿ, ಮತ್ತೆ ಊಳು. ಸುಮಾರು ಅರ್ಧ ಗಂಟೆ. ಆಮೇಲೆ ಸದ್ದೇ ಇಲ್ಲ. ಹನ್ನೊಂದರ ಮೇಲೆ ಕೊರಿಯರು, ಫುಡ್ ಡೆಲಿವರಿ ಓಡಾಟ ಶುರುವಾದಾಗ ದಪ್ಪ ದನಿಯ ಬೊಗಳು. ಮಾವನವರು ಮನೆಯಲ್ಲಿದ್ದ ದಿನ ಊಳು ಇಲ್ಲ, ಗೇಟಿನದು ಮಾತ್ರ ಇದೆ. ಅಂದರೆ ಎರಡು ಬೇರೆ ಬೇರೆ ಅಲ್ವಾ ಮೇಷ್ಟ್ರೇ?

ಮ್ಯೂನಿಕ್ ಅವರೇ, ಬೆಳಿಗ್ಗೆ ಸಂಜೆ ಹದಿನೈದು ನಿಮಿಷ ಬೀದಿ ಕೊನೆಯವರೆಗೆ ಹೋಗಿ ಬರುತ್ತೇವೆ. ಅದೂ ಎಳೆದುಕೊಂಡು.

ಚಾಪೆ ಮೇಷ್ಟ್ರು · ಶಿವಮೊಗ್ಗ

ಬೇರೆಯೇ. ಮೊದಲನೆಯದು ಬಿಟ್ಟುಹೋಗುತ್ತೀರಿ ಅನ್ನುವ ದಿಗಿಲು. ಅದಕ್ಕೆ ಗದರಿದರೆ ಉರಿಯುವುದಕ್ಕೆ ಎಣ್ಣೆ. ಎರಡನೆಯದರ ವಿಷಯ ಮೇಲೆ ಬರೆದಿದ್ದೇನೆ.

ದಿಗಿಲಿಗೆ ಹೀಗೆ ಮಾಡಿ. ಸ್ಕೂಟರ್ ಕೀಲಿ ತಗೊಳ್ಳಿ, ಹೆಲ್ಮೆಟ್ ಹಾಕಿ, ಸೋಫಾದಲ್ಲಿ ಕೂತು ಟಿವಿ ನೋಡಿ. ನಗು ಬರುತ್ತದೆ, ಆದರೂ ಮಾಡಿ. ಕೀಲಿ ಸದ್ದು ಅಂದರೆ ಒಂಟಿತನ ಅಂತ ಅವನಿಗೆ ಗಂಟು ಬಿದ್ದಿದೆ, ಅದು ಸಡಿಲ ಆಗಬೇಕು. ಆಮೇಲೆ ಬಾಗಿಲಾಚೆ ಹೋಗಿ ಅವನು ಕುಂಯ್ ಅನ್ನುವ ಮೊದಲೇ ಒಳಗೆ ಬನ್ನಿ. ನಿಧಾನಕ್ಕೆ ಹೊತ್ತು ಹೆಚ್ಚಿಸಿ. ಹೋಗುವಾಗ "ಪುಟ್ಟಾ, ಬೇಗ ಬರ್ತೀನಿ ಕಂದಾ" ಅಂತ ಮುದ್ದು ಮಾಡುವ ಕಾರ್ಯಕ್ರಮ ಬೇಡ, ಬಂದಾಗಲೂ ಬೇಡ. ಈ ಕಲಿಕೆಯ ದಿನಗಳಲ್ಲಿ ಮಾವನವರನ್ನು ಆದಷ್ಟು ಮನೆಯಲ್ಲೇ ಇರಿಸಿಕೊಳ್ಳಿ. ಊಳು ಕಡಿಮೆಯೇ ಆಗದಿದ್ದರೆ, ಬಾಗಿಲು ಕೆರೆಯುವುದು, ಜೊಲ್ಲು ಸುರಿಸುವುದು ಇದ್ದರೆ ಡಾಕ್ಟರಿಗೆ ಹೇಳಿ. ಫ್ಲೂಆಕ್ಸೆಟಿನ್, ಕ್ಲೋಮಿಪ್ರಮಿನ್‌ನಂಥ ಔಷಧ ನಾಯಿಗಳಿಗೂ ಇದೆ. ಅವರು ತೂಕ ನೋಡಿ ಬರೆದುಕೊಡಬೇಕು. ಮನೆಯಲ್ಲಿರುವ ಅಜ್ಜಿಯ ನಿದ್ದೆ ಮಾತ್ರೆ ಮುರಿದು ಹಾಕಬೇಡಿ.

ವಾಕಿಂಗ್ ಬಗ್ಗೆ. ಹದಿನೈದು ನಿಮಿಷವೇ ಇರಲಿ, ಎಳೆಯಬೇಡಿ. ಒಂದೊಂದು ಕಂಬಕ್ಕೂ ನಿಲ್ಲಲಿ, ಮೂಸಲಿ. ಕಾಲಿಗಿಂತ ಮೂಗಿಗೆ ಕೆಲಸ ಕೊಟ್ಟರೆ ಬೇಗ ದಣಿಯುತ್ತಾನೆ. ಊಟವನ್ನೂ ತಟ್ಟೆಗೆ ಹಾಕಬೇಡಿ. ಹಳೇ ಟವೆಲ್ ಹಾಸಿ, ಡ್ರೈ ಫುಡ್ಡನ್ನು ಮಡಿಕೆಗಳಲ್ಲಿ ಸುತ್ತಿಡಿ, ಹುಡುಕಿಕೊಂಡು ತಿನ್ನಲಿ. ನೀವು ಆಫೀಸಿಗೆ ಹೊರಡುವ ಹೊತ್ತಿಗೆ ಇದನ್ನು ಕೊಟ್ಟರೆ ಇನ್ನೂ ಒಳ್ಳೆಯದು.

ಉಡುಪಿಯ ಸೊಸೆ

ನಾನು ಓದುತ್ತಾ ಇದ್ದೆ, ನನ್ನದೂ ಒಂದು ಪ್ರಶ್ನೆ. ನಮ್ಮದು ಈರುಳ್ಳಿಯನ್ನೂ ಲೆಕ್ಕ ಹಾಕಿ ತರುವ ಸಸ್ಯಾಹಾರಿ ಮನೆ. ಕೋಳಿ ಚೂರು ಕೊಡಿ ಅಂತ ಎಲ್ಲರೂ ಹೇಳುತ್ತಾರೆ. ನಾಯಿ ಪ್ರಾಣ ಬಿಡುವಂಥ ತಿಂಡಿ ನಾನೆಲ್ಲಿಂದ ತರಲಿ?

ಪಶುವೈದ್ಯೆ · ಹಾಸನ

ಪನೀರ್ ಚೂರು, ಬೇಯಿಸಿದ ಗೆಣಸು, ಉಪ್ಪಿಲ್ಲದೆ ಹುರಿದ ಕಡಲೆಕಾಯಿ ಬೀಜ, ಸೇಬಿನ ಚೂರು (ಬೀಜ ತೆಗೆದು). ಬೇಸಿಗೆಯಲ್ಲಿ ಒಗ್ಗರಣೆ ಹಾಕದ ಮೊಸರನ್ನ ಒಂದು ಸಣ್ಣ ಬಟ್ಟಲಲ್ಲಿ ಫ್ರೀಜರಿಗಿಟ್ಟು ಕೊಡಿ, ನೆಕ್ಕುತ್ತಾ ಕೂರುತ್ತದೆ. ಹೊಟ್ಟೆಗೆ ಹಾಲು ಪದಾರ್ಥ ಒಗ್ಗುತ್ತದಾ ಅಂತ ಮೊದಲು ಸ್ವಲ್ಪ ಕೊಟ್ಟು ನೋಡಿ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಯಾವತ್ತೂ ಬೇಡ. ಪಾಯಸದಲ್ಲಿ ಸಿಕ್ಕಿದ ಒಂದು ದ್ರಾಕ್ಷಿ ಅಂತ ಉದಾಸೀನ ಮಾಡಬೇಡಿ, ಕಿಡ್ನಿಗೆ ಹೊಡೆಯುತ್ತದೆ. ತಿಂಡಿ ಕೊಟ್ಟಷ್ಟೂ ಊಟದಲ್ಲಿ ಕಡಿಮೆ ಮಾಡಿ.

ಏಳನೇ ಮಹಡಿ · ಬೆಂಗಳೂರು

ಗೇಟ್ ಇಲ್ಲದ ನಮ್ಮಂಥ ಫ್ಲ್ಯಾಟ್ ಜನಕ್ಕೆ ಶತ್ರು ಕಾಲಿಂಗ್ ಬೆಲ್. ನಮ್ಮದು ಹಕ್ಕಿ ಚಿಲಿಪಿಲಿ ಅನ್ನುವ ಹಳೇ ಬೆಲ್. ಟಿವಿ ಸೀರಿಯಲ್‌ನಲ್ಲಿ ಅದೇ ಸದ್ದು ಬಂದರೂ ನಮ್ಮ ಬೀಗಲ್ ಸೋಫಾದಿಂದ ಹಾರಿ ಬಾಗಿಲಿಗೆ. ಟ್ರೈನರ್ ಒಬ್ಬರು ಹೇಳಿದ್ದು ಸರಳ. ಬೆಲ್ಲನ್ನೇ ಬದಲಾಯಿಸಿ. ಹಳೇ ಸದ್ದಿಗೆ ಅಂಟಿಕೊಂಡ ಚಟ ಬಿಡಿಸುವುದಕ್ಕಿಂತ ಹೊಸ ಸದ್ದಿಗೆ ಹೊಸ ಪಾಠ ಕಲಿಸುವುದು ಸುಲಭ.

ಹೊಸ ಬೆಲ್ಲಿನ ಸದ್ದು ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲು ಕೇಳಿಯೂ ಕೇಳದಷ್ಟು ಸಣ್ಣಕ್ಕೆ ಹಾಕುತ್ತಿದ್ದೆ. ಸದ್ದು, ಕೂಡಲೇ ಅವಳ ಚಾಪೆ ಮೇಲೆ ತಿಂಡಿ. ಸದ್ದು, ಚಾಪೆ ಮೇಲೆ ತಿಂಡಿ. ಆಮೇಲೆ ವಾಲ್ಯೂಮ್ ಏರಿಸಿದೆ. ಆಮೇಲೆ ಹೆಂಡತಿ ಹೊರಗೆ ಹೋಗಿ ನಿಜವಾಗಿ ಒತ್ತಿದಳು. ಈಗ ಬೆಲ್ ಆದರೆ ಒಂದು ಸಲ ವೂಫ್ ಅಂದು ಚಾಪೆಗೆ ಓಡಿ ಕೂರುತ್ತಾಳೆ. ಆ ಒಂದು ವೂಫ್ ನಮಗೂ ಇಷ್ಟ. ಲಿಫ್ಟ್ ಬಾಗಿಲಿನ ಸದ್ದಿಗೆ ಮಾತ್ರ ಇನ್ನೂ ಆಗಿಲ್ಲ, ಅದರ ಹೊತ್ತು ನಮ್ಮ ಕೈಯಲ್ಲಿಲ್ಲವಲ್ಲ.

ಕಾಯ್ದೆ ಪುಸ್ತಕ · ಹುಬ್ಬಳ್ಳಿ

ನಿದ್ದೆಗೆಟ್ಟವರಿಗೆ ಒಂದೆರಡು ಮಾತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015 ರಲ್ಲಿ ಅಪಾರ್ಟ್‌ಮೆಂಟ್ ಸಂಘಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಬೊಗಳುತ್ತದೆ ಅನ್ನುವ ಕಾರಣಕ್ಕೆ ನಾಯಿ ಸಾಕಬೇಡಿ ಅಂತ ಸಂಘ ನಿಷೇಧ ಹಾಕುವ ಹಾಗಿಲ್ಲ, ಬಹುಮತ ಇದ್ದರೂ ಸರಿ. ಅದೇ ಮಾರ್ಗಸೂಚಿಯಲ್ಲೇ, ಬಿಡದೆ ಬೊಗಳಿದರೆ ನೆರೆಯವರಿಗೆ ತೊಂದರೆ, ಮುಖ್ಯವಾಗಿ ರಾತ್ರಿ ನಾಯಿಯನ್ನು ಸುಮ್ಮನಿರಿಸಲು ಪ್ರಯತ್ನ ಮಾಡಿ ಅಂತ ಸಾಕುವವರಿಗೂ ಹೇಳಿದೆ. ಮೊದಲ ಸಾಲು ಓದಿ ಎರಡನೆಯದನ್ನು ಬಿಡುವವರೇ ಜಾಸ್ತಿ.

ನಿಮ್ಮ ವಿಷಯದಲ್ಲಿ ಬೊಗಳಿಗಿಂತ ದೊಡ್ಡದು ಕಟ್ಟಿಹಾಕಿರುವುದು. 1960 ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11 ನೇ ಕಲಂ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಬಿಡುವುದು ಅಪರಾಧ. ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದೂ ಅಪರಾಧ. ದಿನಾಂಕ ಸಮೇತ ವಿಡಿಯೋ ಇಟ್ಟುಕೊಳ್ಳಿ. ಆದರೆ ಮೊದಲು ಇನ್ನೊಂದು ಸಲ ಹೋಗಿ, ಈ ಸಲ ನಿದ್ದೆ ವಿಷಯ ಎತ್ತದೆ "ಪಾಪ ನಾಯಿಗೆ ಬಿಸಿಲು" ಅಂತ ಶುರು ಮಾಡಿ ನೋಡಿ. ಕೆಲವರಿಗೆ ಅದು ನಾಟುತ್ತದೆ.

ನಿದ್ದೆಗೆಟ್ಟವ · ಬೆಂಗಳೂರು

ಪ್ರಯತ್ನ ಮಾಡುತ್ತೇನೆ ಸರ್. ಬಿಸಿಲು ವಿಷಯ ನನಗೂ ನಿಜವಾಗಿ ಸಂಕಟವೇ. ಅದು ಬೊಗಳುವುದು ನನ್ನನ್ನು ನೋಡಿ ಅಲ್ಲ, ಯಾರನ್ನಾದರೂ ನೋಡಲು.

ಗುಂಡನಮ್ಮ · ಮೈಸೂರು

ಕೆಲವು ವಾರ ಆಯಿತು, ಸುದ್ದಿ ಹೇಳೋಣ ಅಂತ ಬಂದೆ.

ಗೇಟಿಗೆ ಶೀಟ್ ಹೊಡೆಸಿದೆವು. ಅದೊಂದರಿಂದಲೇ ಮಧ್ಯಾಹ್ನದ ಗಲಾಟೆ ಬಹಳ ಕಡಿಮೆಯಾಯಿತು. ಪಕ್ಕದ ಮನೆಗೆ ಹೋಗಿ, ಹೀಗೆ ಹೀಗೆ ಕಲಿಸುತ್ತಿದ್ದೇವೆ, ತುಂಬಾ ತೊಂದರೆಯಾದರೆ ಫೋನ್ ಮಾಡಿ ಅಂತ ನಂಬರ್ ಕೊಟ್ಟು ಬಂದೆ. ಅವರ ಮುಖ ಸ್ವಲ್ಪ ಸಡಿಲವಾಯಿತು. ಕೀಲಿ, ಹೆಲ್ಮೆಟ್ ನಾಟಕ ನಡೆಯುತ್ತಿದೆ. ಊಳು ಈಗ ಕೆಲವು ದಿನ ಇದೆ, ಕೆಲವು ದಿನ ಇಲ್ಲ. ಹಾಲಿನವರಿಗೆ ಗುಂಡ ನಿಜವಾಗಿಯೂ ನನ್ನ ಮುಖ ನೋಡುತ್ತಾನೆ ಮೇಷ್ಟ್ರೇ!

ಎರಡು ಕಷ್ಟ. ಒಂದು ಮಾವನವರು. "ನಾಯಿ ಸಾಕೋದೇ ಬೊಗಳಲಿ ಅಂತ, ಕಳ್ಳ ಬಂದರೆ ನಿನ್ನ ಪನೀರ್ ಹಿಡ್ಕೊಂಡು ಕೂರ್ತಾನಾ" ಅಂತಾರೆ. ನಾವಿಲ್ಲದಾಗ "ಯಾರೋ ಗುಂಡ, ಯಾರು ಬಂದ್ರು ನೋಡು" ಅಂತ ಅವರೇ ಹುರಿದುಂಬಿಸುತ್ತಾರೆ. ಎರಡನೆಯದು ಊಟದ ಹೊತ್ತು. ನಾವು ತಟ್ಟೆ ಹಾಕಿಕೊಂಡರೆ ಎದುರಿಗೆ ಕೂತು ಬೊಗಳುತ್ತಾನೆ. ಏನೂ ಕೊಡಬಾರದು ಅಂತ ಎಲ್ಲರೂ ನಿಶ್ಚಯ ಮಾಡಿದೆವು. ಈಗ ಮೊದಲಿಗಿಂತ ಜೋರಾಗಿದೆ! ಇದು ಉಲ್ಟಾ ಹೊಡೀತಾ ಇದೆಯಾ?

ಚಾಪೆ ಮೇಷ್ಟ್ರು · ಶಿವಮೊಗ್ಗ

ಉಲ್ಟಾ ಹೊಡೆದಿಲ್ಲ. ಇಷ್ಟು ದಿನ ಬೊಗಳಿದರೆ ಚಪಾತಿ ತುಂಡು ಬೀಳುತ್ತಿತ್ತು. ಈಗ ಬೀಳುತ್ತಿಲ್ಲ. ಜೋರಾಗಿ ಕೇಳಿದರೆ ಬೀಳಬಹುದು ಅಂತ ಕೊನೆಯ ಪ್ರಯತ್ನ ಮಾಡುತ್ತಿದ್ದಾನೆ. ಈ ಏರು ಬಂದೇ ಬರುತ್ತದೆ. ಈ ಹೊತ್ತಿನಲ್ಲಿ ಯಾರಾದರೂ ತಡೆಯಲಾರದೆ ಒಂದು ತುಂಡು ಎಸೆದರೆ, ಇಷ್ಟು ಜೋರಾಗಿ ಕೇಳಬೇಕು ಅಂತ ಕಲಿತುಬಿಡುತ್ತಾನೆ. ಹಲ್ಲು ಕಚ್ಚಿ ಹಿಡಿಯಿರಿ. ಬರೀ ಕೊಡದೆ ಇರುವುದೂ ಸಾಲದು. ನೀವು ಕೂರುವ ಮೊದಲೇ ಅವನಿಗೆ ಚಾಪೆ ಹಾಕಿ, ಅಲ್ಲಿ ಟವೆಲ್ ಊಟ ಕೊಡಿ. ಬೊಗಳುವುದರ ಬದಲು ಏನು ಮಾಡಬೇಕು ಅಂತ ಅವನಿಗೆ ಗೊತ್ತಾಗಬೇಕಲ್ಲ.

ಮಾವನವರ ಮಾತಿನಲ್ಲಿ ನ್ಯಾಯ ಇದೆ. ಅವರ ಜೊತೆ ವಾದ ಬೇಡ, ಅವರಿಗೇ ಒಂದು ಕೆಲಸ ಕೊಡಿ. ಗುಂಡ ಎರಡು ಮೂರು ಸಲ ಬೊಗಳಲಿ, ಅದು ಅವನ ವರದಿ. ಆಮೇಲೆ ಮಾವನವರು ಎದ್ದು ಹತ್ತಿರ ಹೋಗಿ, ಮಾಮೂಲಿ ದನಿಯಲ್ಲಿ ಒಂದೇ ಸಲ "ಸಾಕು" ಅಂದು ಮೂಗಿನ ತುದಿಗೆ ತಿಂಡಿ ಹಿಡಿಯಲಿ. ಮೂಸಲು ಹೋದ ನಾಯಿಗೆ ಬೊಗಳಲು ಬಾಯಿ ಬಿಡುವಿರುವುದಿಲ್ಲ. ಮನಸ್ಸಿನಲ್ಲೇ ಒಂದು, ಎರಡು ಎಣಿಸಿ ಕೊಡಲಿ. ನಾಳೆ ಮೂರು ಎಣಿಸಲಿ, ಆಮೇಲೆ ಐದು, ಹತ್ತು. "ಸಾಕು ಸಾಕು ಸಾಕು ಸಾಕೋ" ಅಂತ ಕೂಗಿದರೆ ಆ ಮಾತಿಗೆ ಬೆಲೆ ಹೋಗುತ್ತದೆ.

ಒಂದು ಎಚ್ಚರ. ಜಾಣ ನಾಯಿಗಳು ಬೊಗಳಿದರೆ ತಾನೇ ಸಾಕು ಅಂತಾರೆ, ಸಾಕು ಅಂದರೆ ತಾನೇ ತಿಂಡಿ ಅಂತ ಲೆಕ್ಕ ಹಾಕಿ ಸುಮ್ನೆ ಬೊಗಳಲು ಶುರು ಮಾಡುತ್ತವೆ. ಆದ್ದರಿಂದ ಬೊಗಳದೇ ಬಂದಾಗ ಎರಡು ಚೂರು, ಬೊಗಳಿ ನಿಲ್ಲಿಸಿದರೆ ಒಂದು.

ತೋಟದಮನೆ · ಸಕಲೇಶಪುರ

ಎರಡು ಚೂರು, ಒಂದು ಚೂರು! ನಮ್ಮ ಕೂಲಿ ಲೆಕ್ಕಕ್ಕಿಂತ ಕಟ್ಟುನಿಟ್ಟಾಗಿದೆ ಮೇಷ್ಟ್ರೇ.

ನೇರಮಾತು · ತುಮಕೂರು

ಬೆಲ್ಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಗೇಟಿಗೆ ಶೀಟ್ ಹೊಡೆಸುವುದು ಒಳ್ಳೆಯ ಉಪಾಯ. ರಾತ್ರಿ ಬೀದಿ ನಾಯಿಗಳು ಹಾಡು ಶುರು ಮಾಡಿದಾಗ ಮನೆ ನಾಯಿಯೂ ಸೇರಿಕೊಳ್ಳುತ್ತದಲ್ಲ, ಅದಕ್ಕೇನು?

ಪಶುವೈದ್ಯೆ · ಹಾಸನ

ರಾತ್ರಿ ಒಳಗೆ ಮಲಗಿಸಿ, ರಸ್ತೆ ಕಡೆ ಕಿಟಕಿ ಮುಚ್ಚಿ, ಫ್ಯಾನ್ ಹಾಕಿ. ಮಲಗುವ ಮೊದಲು ಒಮ್ಮೆ ಹೊರಗೆ ಕರೆದುಕೊಂಡು ಹೋಗಿ ಬನ್ನಿ. ಬೀದಿಯಲ್ಲಿ ಹೆಣ್ಣು ನಾಯಿ ಬೆದೆಗೆ ಬಂದಾಗ ಗಲಾಟೆ ಜಾಸ್ತಿ. 2023 ರ ಎಬಿಸಿ (ಪ್ರಾಣಿಗಳ ಸಂತಾನ ನಿಯಂತ್ರಣ) ನಿಯಮದ ಪ್ರಕಾರ ಬೀದಿ ನಾಯಿಗಳಿಗೆ ಸಂತಾನಹರಣ ಮಾಡಿಸುವುದು ಸ್ಥಳೀಯ ಸಂಸ್ಥೆಯ ಹೊಣೆ, ಅರ್ಜಿ ಕೊಡಿ. ದೀಪಾವಳಿಯ ಭಯಕ್ಕೆ ಈಗಿನಿಂದಲೇ ಪಟಾಕಿ ಸದ್ದನ್ನು ಸಣ್ಣಕ್ಕೆ ಹಾಕಿ ಅಭ್ಯಾಸ ಮಾಡಿಸಿ. ಹಬ್ಬದ ಹಿಂದಿನ ದಿನ ಕ್ಲಿನಿಕ್ಕಿಗೆ ಓಡಿ ಬಂದರೆ ನಾವು ಮಾಡುವುದು ಹೆಚ್ಚೇನೂ ಉಳಿದಿರುವುದಿಲ್ಲ.

ಗುಂಡನಮ್ಮ · ಮೈಸೂರು

ಮಾವನವರಿಗೆ "ಸಾಕು" ಡ್ಯೂಟಿ ಕೊಟ್ಟೆ. ಮೊದಲು ಗೊಣಗಿದರು. ಈಗ ಪನೀರ್ ಚೂರು ಮಾಡಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಪಂಚೆಯೆಲ್ಲ ವಾಸನೆ, ಅದು ಬೇರೆ ಕತೆ. ಊಟದ ಹೊತ್ತಿನ ಗಲಾಟೆಯೂ ಇಳಿದಿದೆ.

ಈಗ ಉಳಿದಿರುವುದು ಗ್ಯಾಸ್ ಸಿಲಿಂಡರಿನವರು ಒಬ್ಬರೇ. ಕೊರಿಯರ್ ಆಗಲಿ, ಸೊಪ್ಪಿನವರಾಗಲಿ, ಎರಡು ವೂಫ್‌ಗೆ ಮುಗಿಯುತ್ತದೆ. ಸಿಲಿಂಡರ್ ಗಾಡಿ ಬೀದಿಗೆ ಬಂದರೆ ಮಾತ್ರ ಪನೀರೂ ಬೇಡ, ಅಮ್ಮನೂ ಬೇಡ.

ಚಾಪೆ ಮೇಷ್ಟ್ರು · ಶಿವಮೊಗ್ಗ

ಅದು ಮನುಷ್ಯನ ಮೇಲಿನ ಸಿಟ್ಟಲ್ಲ, ಕಬ್ಬಿಣದ ಸದ್ದಿನ ಭಯ. ಮನೆಯಲ್ಲಿ ಖಾಲಿ ಸಿಲಿಂಡರ್ ಇದೆಯಾ? ಗುಂಡನನ್ನು ಮನೆಯ ಇನ್ನೊಂದು ತುದಿಯಲ್ಲಿ ಕೂರಿಸಿ. ಒಬ್ಬರು ಸಿಲಿಂಡರನ್ನು ಗೋಣಿಚೀಲದ ಮೇಲೆ ಮೆತ್ತಗೆ ಅಲ್ಲಾಡಿಸಲಿ, ಇನ್ನೊಬ್ಬರು ತಿಂಡಿ ಕೊಡಲಿ. ಅದು ಒಗ್ಗಿದ ಮೇಲೆ ಚೀಲ ತೆಗೆದು ನೆಲದ ಮೇಲೆ. ಆಮೇಲೆ ಅಂಗಳದಲ್ಲಿ. ದಿನಕ್ಕೆ ಎರಡು ನಿಮಿಷ ಸಾಕು. ಅಲ್ಲಿಯವರೆಗೆ ಸಿಲಿಂಡರ್ ಬುಕ್ ಮಾಡಿದ ದಿನ ಅವನನ್ನು ಹಿಂದಿನ ಕೋಣೆಯಲ್ಲಿರಿಸಿ.

ಗುಂಡನಮ್ಮ · ಮೈಸೂರು

ಖಾಲಿ ಒಂದು ಇದೆ. ಅಲ್ಲಾಡಿಸುವ ಕೆಲಸ ಯಜಮಾನರಿಗೆ. ಪನೀರ್ ಇಲಾಖೆ ಮಾವನವರು ಬಿಟ್ಟುಕೊಡುವುದಿಲ್ಲ. ಹೊತ್ತು ಮಾತ್ರ ಸಂಜೆ ಇಟ್ಟುಕೊಳ್ಳುತ್ತೇನೆ, ಪಕ್ಕದ ಮನೆಯವರು ಆಗ ಎದ್ದಿರುತ್ತಾರೆ.